ದುಡಿಯದ ಕ್ರೆಡಿಟ್ ಬೇಡ



ಎಂಜಿನಿಯರಿಂಗ್ ಪದವಿಯಲ್ಲಿ ಇಂಟರ್ನ್‌ಶಿಪ್ಪಿಗೂ ಈಗ ಕ್ರೆಡಿಟ್ ಇದೆ. ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಇಡೀ ಪದವಿಗೆ 160 ಕ್ರೆಡಿಟ್ ನಿಗದಿ ಮಾಡಿತು. ಅದರ ಇಂಟರ್ನ್‌ಶಿಪ್ ನೀತಿಯ ಲೆಕ್ಕ ಸರಳ: 40ರಿಂದ 45 ಗಂಟೆ ದುಡಿದರೆ ಒಂದು ಕ್ರೆಡಿಟ್. ಅಂದರೆ ಒಂದು ವಾರದ ಪೂರ್ಣ ಕಾಯಕ.

ಲೆಕ್ಕ ಸರಿಯಿದೆ, ನಡೆ ಸರಿಯಿಲ್ಲ. ಹಣ ಕಟ್ಟಿಸಿಕೊಂಡು, ಮನೆಯಲ್ಲೇ ಕುಳಿತವರಿಗೂ ಪ್ರಮಾಣಪತ್ರ ಕೊಡುವವರು ಹುಟ್ಟಿಕೊಂಡಿದ್ದಾರೆ. ಪಟ್ಟಣದಲ್ಲಿ ಪರಿಚಯವಿಲ್ಲದ ಹಳ್ಳಿಯ ಮಕ್ಕಳೇ ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ.

ನಾನು ಸರ್ಕಾರಿ ಎಂಜಿನಿಯರಾಗಿ ನಿವೃತ್ತನಾದವನು. ಕಾಂಕ್ರೀಟಿನ ಹದ ನೋಡುವುದು, ಕ್ಯೂಬ್ ಎರೆದು 28ನೇ ದಿನ ಒಡೆದು ಪರೀಕ್ಷಿಸುವುದು, ಅಳತೆ ಪುಸ್ತಕ ಬರೆಯುವುದು ಕೆಲಸದ ಸ್ಥಳದಲ್ಲೇ ಕೈಗೆ ಹತ್ತಬೇಕು. ಇದನ್ನು ಕಾಣದವನು ನಾಳೆ ಸೇತುವೆಯ ಕಾಗದಕ್ಕೆ ಸಹಿ ಹಾಕಿದರೆ ಅಪಾಯ ಅದರ ಮೇಲೆ ನಡೆಯುವವರಿಗೆ.

ಗಂಡ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ನಾವು ಕೊಂಡಾಡುತ್ತೇವೆ. ದುಡಿಯದೆ ಬಂದ ಕ್ರೆಡಿಟ್ಟನ್ನು ಹೇಗೆ ಒಪ್ಪೋಣ?

ಮಠಗಳ ಆಶ್ರಯದ ಕಾಲೇಜುಗಳು ಮೊದಲ ಹೆಜ್ಜೆ ಇಡಲಿ. ವಿದ್ಯಾರ್ಥಿಯಿಂದ ಹಣ ಕೇಳುವ ಸಂಸ್ಥೆಯ ಪ್ರಮಾಣಪತ್ರವನ್ನು ತಿರಸ್ಕರಿಸಲಿ. ಅಧ್ಯಾಪಕರು ಕೆಲಸದ ಸ್ಥಳಕ್ಕೆ ಹೋಗಿ ನೋಡಲಿ. ದಿನಚರಿ ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ ಅಂಕ ಕೊಡಲಿ.

ಭಕ್ತರಲ್ಲಿ ಗುತ್ತಿಗೆದಾರರಿದ್ದೀರಿ, ಕಾರ್ಖಾನೆ ನಡೆಸುವವರಿದ್ದೀರಿ. ವರ್ಷಕ್ಕೆ ಇಬ್ಬರು ಬಡ ಮಕ್ಕಳಿಗೆ, ಜಾತಿ ಕೇಳದೆ, ಕೆಲಸ ಕಲಿಸಿ. ಊಟ, ಬಸ್ಸಿನ ಖರ್ಚು ಕೊಡಿ. ಕಲಿಸಲು ನಮ್ಮಂಥ ನಿವೃತ್ತರನ್ನು ಕರೆಯಿರಿ, ಬರುತ್ತೇವೆ. ಇದೂ ದಾಸೋಹವೇ.