ಅಪರಿಚಿತರಿಗೆ ಹಾಡು ಹಂಚುವ ಗೀಳು

ಅಮೆರಿಕದ ಧ್ವನಿಮುದ್ರಣ ಕಂಪೆನಿಗಳ ಸಂಘ 2003ರ ಸೆಪ್ಟೆಂಬರ್‌ನಲ್ಲಿ ಒಮ್ಮೆಲೇ 261 ಮಂದಿಯ ಮೇಲೆ ಮೊಕದ್ದಮೆ ಹೂಡಿದಾಗ, ಆ ಪಟ್ಟಿಯಲ್ಲಿ ನ್ಯೂಯಾರ್ಕಿನ 12 ವರ್ಷದ ಬಾಲಕಿಯೊಬ್ಬಳೂ ಸೇರಿದ್ದಳು. ಆಕೆಯ ತಾಯಿ 2,000 ಡಾಲರ್ ತೆತ್ತು ರಾಜಿ ಮಾಡಿಕೊಂಡರು. ಆರೋಪಿಗಳು ಹಾಡುಗಳನ್ನು ಮಾರಿ ಲಾಭ ಮಾಡಿಕೊಂಡರೆಂಬುದು ದೂರಿನ ತಿರುಳಾಗಿರಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿದ್ದುದನ್ನು ಗುರುತು ಪರಿಚಯವಿಲ್ಲದವರಿಗೆ ತೆರೆದಿಟ್ಟರೆಂಬುದೇ ಅಪರಾಧವಾಗಿತ್ತು. ಪುಕ್ಕಟೆ ಸಂಗೀತದ ಆ ದಿನಗಳನ್ನು ಕೊಳ್ಳೆಯ ಕಾಲವೆಂದೇ ನಾವು ನೆನೆಯುತ್ತೇವೆ. ಪಡೆಯುವುದು ಚಟವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಕೊಡುವುದೂ ಚಟವಾದುದೇಕೆ?

ಉತ್ತರದ ಒಂದು ಭಾಗ ನ್ಯಾಪ್‌ಸ್ಟರ್‌ನ ರಚನೆಯಲ್ಲೇ ಇದೆ. ಹದಿಹರೆಯದ ಶಾನ್ ಫ್ಯಾನಿಂಗ್ 1999ರಲ್ಲಿ ರೂಪಿಸಿದ ಆ ವ್ಯವಸ್ಥೆಯ ಕೇಂದ್ರದಲ್ಲಿ ಹಾಡುಗಳಿರಲಿಲ್ಲ. ಯಾರ ಬಳಿ ಯಾವ ಹಾಡಿದೆಯೆಂಬ ಸೂಚಿ ಮಾತ್ರ ಇತ್ತು. ಹಾಡು ಒಂದು ಮನೆಯ ಕಂಪ್ಯೂಟರಿನಿಂದ ಇನ್ನೊಂದು ಮನೆಯ ಕಂಪ್ಯೂಟರಿಗೆ ನೇರವಾಗಿ ಸಾಗುತ್ತಿತ್ತು. ದೂರವಾಣಿ ತಂತಿಯ 56 ಕಿಲೋಬಿಟ್ ವೇಗದಲ್ಲಿ ಐದು ಮೆಗಾಬೈಟಿನ ಹಾಡೊಂದಕ್ಕೆ ಲೆಕ್ಕದ ಪ್ರಕಾರವೇ 12 ನಿಮಿಷ ಬೇಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಅಷ್ಟು ಹೊತ್ತೂ ಪರದೆಯ ಮೇಲೆ ಪಡೆಯುತ್ತಿರುವವನ ಅಡ್ಡಹೆಸರು ಕಾಣುತ್ತಿತ್ತು. ಅವನ ಇಡೀ ಸಂಗ್ರಹವನ್ನು ತೆರೆದು ನೋಡಬಹುದಿತ್ತು, ಎರಡು ಮಾತು ಬರೆಯಬಹುದಿತ್ತು. ಮನೆಯವರಾಗಲಿ ನೆರೆಯವರಾಗಲಿ ಕಿವಿಗೊಡದ ಒಂದು ಅಪರೂಪದ ಹಾಡು ಭೂಮಿಯ ಇನ್ನಾವುದೋ ಮೂಲೆಯವನಿಗೆ ಬೇಕಾಗಿದೆಯೆಂದು ಕಣ್ಣಾರೆ ಕಂಡವನು ಆ ರಾತ್ರಿ ಕಂಪ್ಯೂಟರನ್ನು ಆರಿಸಿ ಮಲಗುವುದು ಕಷ್ಟ.

ಈ ಗೀಳು ಎಲ್ಲರಿಗೂ ಅಂಟಿರಲಿಲ್ಲವೆಂಬುದು ಗಮನಾರ್ಹ. ಕೇಂದ್ರವೇ ಇಲ್ಲದ ನ್ಯೂಟೆಲ್ಲಾ ಎಂಬ ಜಾಲವನ್ನು 2000ದಲ್ಲಿ ಅಧ್ಯಯನ ಮಾಡಿದ ಎಯ್ಟನ್ ಅದಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್, ಸುಮಾರು ಶೇ 70ರಷ್ಟು ಬಳಕೆದಾರರು ಏನನ್ನೂ ಹಂಚುತ್ತಿಲ್ಲವೆಂದು ಕಂಡುಕೊಂಡರು. ಕೋರಿಕೆಗಳಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬರುತ್ತಿದ್ದುದು ಶೇ 1ರಷ್ಟು ಮಂದಿಯಿಂದ. ಕೊಳ್ಳೆಯೆಂದು ಕರೆಯಲಾದ ವಿದ್ಯಮಾನ ನಿಂತದ್ದು ಬೆರಳೆಣಿಕೆಯ ಧಾರಾಳಿಗಳ ಹೆಗಲ ಮೇಲೆ. ಮೊಕದ್ದಮೆಗಳು ಗುರಿಯಿಟ್ಟದ್ದೂ ಇವರಿಗೇ.

ಮುಂದೆ ಈ ಧಾರಾಳತನಕ್ಕೂ ಲೆಕ್ಕಪತ್ರ ಬಂತು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಆಯಿಂಕ್ ಎಂಬ ಆಹ್ವಾನಿತರ ಕೂಟದಲ್ಲಿ, ಪಡೆದುದಕ್ಕೆ ತಕ್ಕಷ್ಟು ಹಿಂದಿರುಗಿಸದವರ ಸದಸ್ಯತ್ವ ರದ್ದಾಗುತ್ತಿತ್ತು. ದಾನ ಸಾಲವಾಯಿತು. 2007ರ ಅಕ್ಟೋಬರ್‌ನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದಾಗ, ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್‌ರಂಥ ಕಲಾವಿದರೇ ತಾವೂ ಅದರ ಸದಸ್ಯರಾಗಿದ್ದುದಾಗಿ ಹೇಳಿಕೊಂಡರು. ಅದರ ಸ್ಥಾಪಕನನ್ನು 2010ರಲ್ಲಿ ಅಲ್ಲಿನ ಜ್ಯೂರಿ ಖುಲಾಸೆ ಮಾಡಿತು.

ಇದನ್ನು ಪರದೇಶದ ಹುಡುಗರ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಕಛೇರಿಗಳ ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ರಸಿಕರು ನಮ್ಮಲ್ಲೂ ಇದ್ದರು. ಕ್ಯಾಸೆಟ್ಟಿಗೆ ಕ್ಯಾಸೆಟ್ಟು ಬದಲಾಯಿಸಿಕೊಳ್ಳುತ್ತಿದ್ದ ಅವರ ಸಂಗ್ರಹಗಳೇ ಅಂತರ್ಜಾಲಕ್ಕೆ ಏರಿದವು. ಸಂಗೀತಪ್ರಿಯದಂತಹ ಸ್ವಯಂಸೇವಕರ ತಾಣವು ಮಾರಾಟದಲ್ಲಿರುವ ಧ್ವನಿಮುದ್ರಣಗಳನ್ನು ದೂರವಿಟ್ಟು ಕಛೇರಿಗಳ ಮುದ್ರಣಗಳನ್ನು ಹಂಚುವ ಶಿಸ್ತನ್ನು ಪಾಲಿಸಿದ್ದು ಮೆಚ್ಚತಕ್ಕದ್ದೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕು ನೀಡಿದೆ. ಗಂಟಲು ಸರಿಯಿಲ್ಲದ ಒಂದು ಸಂಜೆಯ ಗಾಯನ ಶಾಶ್ವತವಾಗಿ ಲೋಕಸಂಚಾರ ಮಾಡುವುದಕ್ಕೆ ಆ ವಿದ್ವಾಂಸರ ಒಪ್ಪಿಗೆ ಯಾರು ಪಡೆದರು? ಇನ್ನೊಬ್ಬರ ದುಡಿಮೆಯನ್ನು ಹಂಚಿ ಉದಾರಿ ಎನಿಸಿಕೊಳ್ಳುವುದರಲ್ಲಿ ಮುಜುಗರ ಇದ್ದೇ ಇದೆ. ಹಾಗೆಂದು, ಆ ಟೇಪುಗಳು ಕಪಾಟಿನಲ್ಲೇ ಬೂಸರು ಹಿಡಿದಿದ್ದರೆ ಕಳೆದ ಶತಮಾನದ ಎಷ್ಟೋ ಕಛೇರಿಗಳು ಇಂದಿನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇವೆರಡರಲ್ಲಿ ಒಂದನ್ನು ಮರೆತು ವಾದಿಸುವವರನ್ನು ನಂಬುವುದು ಕಷ್ಟ.

ಸಂಗೀತೋದ್ಯಮ ಕಡೆಗೆ ಪಾಠ ಕಲಿತದ್ದು ಆ ಶೇ 70 ಮಂದಿಯಿಂದ. ನ್ಯಾಪ್‌ಸ್ಟರ್‌ನಲ್ಲಿ ಫ್ಯಾನಿಂಗ್‌ನ ಜೊತೆಗಾರನಾಗಿದ್ದ ಶಾನ್ ಪಾರ್ಕರ್ 2010ರಲ್ಲಿ ಹಣ ಹೂಡಿದ ಸ್ಪಾಟಿಫೈ, 2019ರಲ್ಲಿ ಭಾರತಕ್ಕೂ ಬಂತು. ಕೇಳುಗನಿಗೆ ಕೋಟಿಗಟ್ಟಲೆ ಹಾಡು ಸಿಕ್ಕಿತು, ಕೊಡುವವನ ಕೆಲಸ ಮುಗಿಯಿತು. ಮುಂದಿನ ಹಾಡನ್ನು ಈಗ ಯಂತ್ರವೇ ಆರಿಸಿಕೊಡುತ್ತದೆ. ಕಲಾವಿದನಿಗೆ ನ್ಯಾಯ ಸಿಕ್ಕಿತೇ ಎಂದರೆ, 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಮುದ್ರಣಕ್ಕೆ ಗೌರವಧನವಿಲ್ಲವೆಂದು 2024ರಲ್ಲಿ ಅದೇ ಕಂಪೆನಿ ನಿಯಮ ತಂದಿತು. ಅಪರೂಪದ ಹಾಡುಗಳ ಪಾಡು ಇದು. 2025ರ ಆಗಸ್ಟ್‌ನಲ್ಲಿ ಹಾಡು ಕಳುಹಿಸಿ ಮಾತನಾಡುವ ಸಂದೇಶ ಸೌಲಭ್ಯವನ್ನೂ ಅದು ಆರಂಭಿಸಿತು. ಆದರೆ ಬರೆಯಬಹುದಾದುದು ಈ ಮೊದಲೇ ಜೊತೆಯಾಗಿ ಹಾಡಿನ ಪಟ್ಟಿ ಮಾಡಿದವರಿಗೆ ಅಥವಾ ಒಂದೇ ಕುಟುಂಬದ ಚಂದಾದಾರರಿಗೆ. ಅಪರಿಚಿತನಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ.