ಕರುಳಿನ ಸ್ಟೆಂಟ್: ಮನೆಯವರಿಗೆ ಮೊದಲೇ ತಿಳಿಸಿ



ದೊಡ್ಡಕರುಳಿನ ಕ್ಯಾನ್ಸರ್ ಉಲ್ಬಣಿಸಿದ್ದ ನಮ್ಮ ಅಪ್ಪನಿಗೆ ಕರುಳು ಕಟ್ಟಿ, ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಗುಟುಕು ನೀರೂ ವಾಂತಿಯಾಗುತ್ತಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ದು ಮಲದ ಚೀಲ ಇಡುವುದೊಂದೇ ದಾರಿ ಎಂದರು. ಇನ್ನೊಂದು ಕಡೆ ಕೊಲೊನೋಸ್ಕೋಪಿ ಮೂಲಕ, ಎಕ್ಸ್‌ರೇಯಲ್ಲಿ ನೋಡುತ್ತಾ, ಕಟ್ಟಿದ ಜಾಗದಲ್ಲಿ ಲೋಹದ ಬಲೆಯ ಸ್ಟೆಂಟ್ ಕೂರಿಸಿದರು. ಅದು ತಾನಾಗಿಯೇ ಅರಳಿ ದಾರಿ ಬಿಡಿಸಿತು. ಮರುದಿನ ಸಂಜೆ ಅಪ್ಪ ಅರ್ಧ ಲೋಟ ಗಂಜಿ ಕುಡಿದರು.

ಸ್ಟೆಂಟ್‌ನಿಂದ ಕ್ಯಾನ್ಸರ್ ವಾಸಿಯಾಗದು. ಕರುಳು ತೂತಾಗುವ, ಸ್ಟೆಂಟ್ ಜಾರುವ, ಮತ್ತೆ ಕಟ್ಟಿಕೊಳ್ಳುವ ಅಪಾಯವೂ ಇದೆ. ಎಲ್ಲರಿಗೂ ಹೊಂದುವುದಿಲ್ಲ. ಆದರೂ ಇಂಥದ್ದೊಂದು ದಾರಿ ಇದೆಯೆಂದು ವೈದ್ಯರು ಮೊದಲೇ ಹೇಳಬೇಕು. ಜಿಲ್ಲಾಸ್ಪತ್ರೆಗಳಲ್ಲೂ ಈ ಸೌಲಭ್ಯ ಸಿಗುವಂತೆ ಸರ್ಕಾರ ಮಾಡಲಿ.

– ನೊಂದ ಓದುಗ, ತಿಪಟೂರು