ಲಾ ಓಯಾ: ಅಗ್ಗದ ಹಿಮದ ಲೆಕ್ಕಾಚಾರ

ದಕ್ಷಿಣ ಅಮೆರಿಕದ ಸ್ಕೀ ತಾಣಗಳ ಮಾತು ಬಂದರೆ ಮೂರು ನಾಲ್ಕು ಹೆಸರುಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಚಿಲಿಯ ಪೋರ್ತಿಯೊ. 1966ರಲ್ಲಿ ವಿಶ್ವ ಆಲ್ಪೈನ್ ಸ್ಕೀ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿ. ಭೂಮಧ್ಯರೇಖೆ ದಾಟಿ ಆ ಸ್ಪರ್ಧೆ ದಕ್ಷಿಣಕ್ಕೆ ಬಂದದ್ದು ಅದೊಂದೇ ಸಲ. ಇನ್ನೊಂದು, ಸಾಂತಿಯಾಗೊ ನಗರದ ಮೇಲಿನ ಬೆಟ್ಟಗಳಲ್ಲಿರುವ ವಾಯೆ ನೆವಾದೊ. ಅರ್ಜೆಂಟೀನಾದ ಕಡೆಗೆ ಬಂದರೆ ಲಾಸ್ ಲೆನ್ಯಾಸ್ ಮತ್ತು ಬಾರಿಲೋಚೆ ಊರಿನ ಸೆರ್ರೊ ಕತೆದ್ರಾಲ್. ಈ ಸಾಲಿನಲ್ಲಿ ಬಾರದ, ಆದರೆ ಕಡಿಮೆ ಖರ್ಚಿನಲ್ಲಿ ಮನೆಮಂದಿಯೊಂದಿಗೆ ಹೋಗುವ ಜಾಗ ಯಾವುದೆಂದು ವಿಚಾರಿಸಿದಾಗ ಮುಂದೆ ಬರುವ ಹೆಸರು ಲಾ ಓಯಾ. ಅದು ಇರುವುದು ಪೆಟಗೋನಿಯಾ ಸೀಮೆಯ ಚುಬುತ್ ಪ್ರಾಂತದಲ್ಲಿ, ಎಸ್ಕೆಲ್ ಎಂಬ ಪೇಟೆಯಿಂದ ಸುಮಾರು 13 ಕಿ.ಮೀ. ದೂರದಲ್ಲಿ.

ಆ ಜಾಗ ನಿಜಕ್ಕೂ ಅಗ್ಗವೇ? ಹೌದಾದರೆ ಯಾಕೆ ಅಗ್ಗ? ಇದನ್ನು ತೂಗಿ ನೋಡಬೇಕಾದರೆ ಸ್ಕೀ ತಾಣವೊಂದು ನಮಗೆ ಏನನ್ನು ಮಾರುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತ ಇಳಿಯುವುದೇ ಸ್ಕೀಯಿಂಗ್. ಇಳಿಯುವುದಕ್ಕೆ ದುಡ್ಡು ಬೇಕಿಲ್ಲ, ಗುರುತ್ವಾಕರ್ಷಣೆ ಪುಕ್ಕಟೆ. ದುಡ್ಡು ತೆರುವುದು ಮೇಲೆ ಹತ್ತುವುದಕ್ಕೆ. ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳು, ಸೊಂಟದ ಹಿಂದೆ ಆನಿಸಿಕೊಂಡು ಎಳೆಸಿಕೊಳ್ಳುವ ಅಡ್ಡಕೋಲುಗಳು, ಇವೆಲ್ಲಕ್ಕೂ ಒಟ್ಟಾಗಿ ಲಿಫ್ಟ್ ಎನ್ನುತ್ತಾರೆ. ದಿನಕ್ಕಿಷ್ಟು ಎಂದು ಕೊಡುವ ಪಾಸ್ ಎಂದರೆ ಈ ಲಿಫ್ಟ್‌ಗಳನ್ನು ಬಳಸುವ ಹಕ್ಕು, ಅಷ್ಟೇ. ಅದರ ಮೇಲೆ ಬೂಟು, ಪಟ್ಟಿ, ಕೋಲುಗಳ ಬಾಡಿಗೆ. ಹೊಸಬರಾದರೆ ಕಲಿಸುವವರ ಸಂಬಳ. ಮಲಗಲು ಕೋಣೆ, ಊಟ, ಓಡಾಟ. ಇಷ್ಟನ್ನೂ ಕೂಡಿ, ಹಿಮದ ಮೇಲೆ ನಿಜವಾಗಿ ಕಳೆದ ದಿನಗಳಿಂದ ಭಾಗಿಸಿದರೆ ಬರುವುದೇ ಅಸಲಿ ಬೆಲೆ. ಭಾಜಕವನ್ನು ಹೆಚ್ಚಿನವರು ಮರೆಯುತ್ತಾರೆ. ಆರು ದಿನಕ್ಕೆಂದು ಹೋಗಿ, ಗಾಳಿಯ ಕಾರಣಕ್ಕೆ ಮೂರು ದಿನ ಲಿಫ್ಟ್ ಮುಚ್ಚಿದರೆ ಖರ್ಚು ಸದ್ದಿಲ್ಲದೆ ಇಮ್ಮಡಿಯಾದಂತೆ.

ಮೊದಲು ಕೋಣೆಯ ಮಾತು. ಸ್ಕೀ ತಾಣಗಳಲ್ಲಿ ಎರಡು ಬಗೆ. ಜನವಸತಿಯೇ ಇಲ್ಲದ ಎತ್ತರದಲ್ಲಿ ಹೋಟೆಲುಗಳ ಗುಂಪನ್ನು ಹೊಸದಾಗಿ ಕಟ್ಟಿದ್ದು ಒಂದು ಬಗೆ. ಮೊದಲಿನಿಂದಲೂ ಇದ್ದ ಊರಿನ ಪಕ್ಕದ ಬೆಟ್ಟಕ್ಕೆ ಲಿಫ್ಟ್ ಹಾಕಿದ್ದು ಇನ್ನೊಂದು. ಲಾಸ್ ಲೆನ್ಯಾಸ್ ಮೊದಲ ಬಗೆಯದು. 1983ರಲ್ಲಿ ಶುರುವಾದ ಅದಕ್ಕೆ ಹತ್ತಿರದ ಪೇಟೆಯಾದ ಮಲಾರ್ಗುಎ 70 ಕಿ.ಮೀ.ಗೂ ಹೆಚ್ಚು ದೂರ. ಪೋರ್ತಿಯೊದಲ್ಲಂತೂ ಕೋಣೆ, ಊಟ, ಲಿಫ್ಟ್ ಎಲ್ಲವನ್ನೂ ಸೇರಿಸಿ ವಾರದ ಲೆಕ್ಕದಲ್ಲಿ ಮಾರುವುದೇ ರೂಢಿ. ಇಂಥ ಕಡೆ ಒಂದು ಕಪ್ ಕಾಫಿಗೂ ಅವರು ಹೇಳಿದ್ದೇ ರೇಟು, ಯಾಕೆಂದರೆ ಬೇರೆ ಅಂಗಡಿಯಿಲ್ಲ.

ಎಸ್ಕೆಲ್ ಹಾಗಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ಜನರಿರುವ ಸಾಧಾರಣ ಪೇಟೆ ಅದು. ಆಸ್ಪತ್ರೆ, ಬೇಕರಿ, ಬಸ್ ನಿಲ್ದಾಣ, ಸ್ಥಳೀಯರೇ ದಿನಸಿ ತರುವ ಅಂಗಡಿಗಳು ಇವೆ. ಅಡುಗೆಮನೆಯಿರುವ ಬಾಡಿಗೆ ಮನೆಯಲ್ಲಿ ಉಳಿದು, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ಸಂಜೆ ಹಿಂತಿರುಗಬಹುದು. ಮನೆಯಲ್ಲಿ ಒಬ್ಬರಾದರೂ ಸ್ಕೀ ಮಾಡಲು ಒಲ್ಲದವರು ಇರುತ್ತಾರಲ್ಲ, ಅವರಿಗಾಗಿ ಲಾ ತ್ರೋಚಿತಾ ಎಂಬ 75 ಸೆಂ.ಮೀ. ಅಗಲದ ಹಳಿಯ ಹಳೆಯ ಉಗಿಬಂಡಿಯಿದೆ; ವೇಲ್ಸ್‌ನಿಂದ ವಲಸೆ ಬಂದವರು ನೆಲೆನಿಂತ ತ್ರೆವೆಲಿನ್ ಹತ್ತಿರದಲ್ಲೇ ಇದೆ. ಲಾ ಓಯಾ ಅಗ್ಗವಾಗಲು ನನ್ನ ಲೆಕ್ಕದಲ್ಲಿ ಲಿಫ್ಟ್ ಪಾಸಿಗಿಂತ ಈ ಊರೇ ದೊಡ್ಡ ಕಾರಣ.

ಎರಡನೆಯ ಕಾರಣ ಯಂತ್ರಗಳದು. ಕುರ್ಚಿ ಲಿಫ್ಟ್‌ಗಳಲ್ಲಿ ಎರಡು ಜಾತಿ. ಹಳೆಯ ಜಾತಿಯಲ್ಲಿ ಕುರ್ಚಿಯನ್ನು ಉಕ್ಕಿನ ಹಗ್ಗಕ್ಕೆ ಕಾಯಂ ಆಗಿ ಬಿಗಿದಿರುತ್ತಾರೆ. ಜನ ಹತ್ತುವಾಗಲೂ ಕುರ್ಚಿ ಹಗ್ಗದ ವೇಗದಲ್ಲೇ ಬರುವುದರಿಂದ ಸೆಕೆಂಡಿಗೆ ಎರಡೂವರೆ ಮೀಟರ್ ದಾಟಿಸುವುದು ಕಷ್ಟ. ದಾಟಿಸಿದರೆ ಕುರ್ಚಿ ಮೊಣಕಾಲ ಹಿಂದೆ ಬಡಿದು ಕೆಡವುತ್ತದೆ. ಹೊಸ ಜಾತಿಯ ಕುರ್ಚಿ ನಿಲ್ದಾಣದೊಳಗೆ ಬಂದಾಗ ಹಗ್ಗದ ಹಿಡಿತ ಬಿಟ್ಟು ನಿಧಾನವಾಗುತ್ತದೆ, ಜನ ಕೂತ ಮೇಲೆ ಮತ್ತೆ ಹಗ್ಗವನ್ನು ಕಚ್ಚಿಕೊಂಡು ಸೆಕೆಂಡಿಗೆ ಐದು ಮೀಟರಿನಂತೆ ಓಡುತ್ತದೆ. ಒಂದೂವರೆ ಕಿಲೋಮೀಟರ್ ಉದ್ದದ ಲಿಫ್ಟ್ ಹತ್ತಲು ಮೊದಲನೆಯದರಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಬೇಕು, ಎರಡನೆಯದರಲ್ಲಿ ಐದು ನಿಮಿಷ ಸಾಕು. ಎರಡನೆಯದನ್ನು ಕೊಳ್ಳಲೂ ನಿಭಾಯಿಸಲೂ ಹಲವು ಪಟ್ಟು ಹಣ ಬೇಕು, ಅದು ಪಾಸಿನ ಬೆಲೆಯ ಮೇಲೆಯೇ ಬೀಳುತ್ತದೆ. ಲಾ ಓಯಾದಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ನಿಧಾನದ ಹಳೆಯ ಲಿಫ್ಟ್‌ಗಳು. ಕುರ್ಚಿಯಲ್ಲಿ ಕೂತು ಚಳಿಗಾಳಿಗೆ ಮುಖವೊಡ್ಡಿ ಹತ್ತು ನಿಮಿಷ ಸಾಗುವುದು ಸುಖವೇನಲ್ಲ. ಆದರೆ ಜುಲೈ ರಜೆಯಲ್ಲಿ ಕತೆದ್ರಾಲ್‌ನ ಬುಡದಲ್ಲಿ ಸಾಲು ನಿಲ್ಲುವುದನ್ನು ನೆನೆದರೆ, ವೇಗದ ಲಿಫ್ಟ್ ಉಳಿಸಿಕೊಟ್ಟ ಸಮಯವನ್ನು ಸಾಲು ನುಂಗಿಹಾಕುತ್ತದೆ ಎಂಬುದೂ ನಿಜ. ಅರ್ಜೆಂಟೀನಾದ ಪ್ರೌಢಶಾಲೆ ಮುಗಿಸುವ ಮಕ್ಕಳು ದಂಡುಕಟ್ಟಿಕೊಂಡು ಬಾರಿಲೋಚೆಗೇ ಪ್ರವಾಸ ಬರುವುದು ಅಲ್ಲಿನ ಹಳೆಯ ಸಂಪ್ರದಾಯ. ಆ ಗದ್ದಲ ಎಸ್ಕೆಲ್‌ಗೆ ಮುಟ್ಟುವುದಿಲ್ಲ.

ಇನ್ನು ಹಿಮ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಭಾಜಕ ನಿಂತಿರುವುದು ಇದರ ಮೇಲೆ.

ದಕ್ಷಿಣ ಗೋಳಾರ್ಧದಲ್ಲಿ ಋತುಗಳು ತಿರುವುಮುರುವು. ಗುಲ್ಮಾರ್ಗ್‌ನಲ್ಲಿ ಹಿಮ ಕರಗಿ ಹುಲ್ಲು ಎದ್ದಿರುವ ಜೂನ್ ತಿಂಗಳಿನಲ್ಲಿ ಆಂಡಿಸ್‌ನ ಚಳಿಗಾಲ ಆರಂಭವಾಗುತ್ತದೆ. ಪೆಸಿಫಿಕ್ ಸಾಗರದಿಂದ ಬೀಸುವ ಪಶ್ಚಿಮದ ಗಾಳಿ ತೇವವನ್ನು ಹೊತ್ತು ತಂದು ಪರ್ವತಕ್ಕೆ ಒರಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಚಿಲಿಯ ಮಗ್ಗುಲಿಗೆ ಹೆಚ್ಚಿನ ಮಳೆ-ಹಿಮವನ್ನು ಸುರಿಸಿಬಿಡುತ್ತದೆ. ಪರ್ವತ ದಾಟಿ ಪೂರ್ವಕ್ಕೆ ಇಳಿಯುವಾಗ ಅದರಲ್ಲಿ ಉಳಿದಿರುವುದು ಸ್ವಲ್ಪವೇ. ನಮ್ಮ ಪಶ್ಚಿಮ ಘಟ್ಟದ ಆಗುಂಬೆಗೂ ಬಯಲುಸೀಮೆಯ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸದ ಹಿಂದಿರುವುದೂ ಇದೇ ಮಳೆನೆರಳಿನ ಆಟ. ಎಸ್ಕೆಲ್ ಇರುವುದು ಈ ನೆರಳಿನ ಅಂಚಿನಲ್ಲಿ. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕುರುಚಲು ಗಿಡಗಳ ಒಣ ಬಯಲು. ಹಾಗಾಗಿ ಇಲ್ಲಿ ಬೀಳುವ ಹಿಮದ ಪ್ರಮಾಣ ಕಡಿಮೆ, ಆದರೆ ಒಣಗಿದ ಹಗುರ ಹಿಮ. ಕೈಯಲ್ಲಿ ಹಿಡಿದು ಹಿಸುಕಿದರೆ ಒದ್ದೆ ಹಿಮ ಉಂಡೆಯಾಗುತ್ತದೆ; ಒಣ ಹಿಮ ಉಂಡೆ ಕಟ್ಟದೆ ಬೆರಳ ಸಂದಿಯಿಂದ ಉದುರುತ್ತದೆ. ಜಾರಲು ಬೇಕಾದದ್ದು ಈ ಎರಡನೆಯದು.

ಎತ್ತರದ ಲೆಕ್ಕ ಇನ್ನೊಂದು. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸರಿಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಕತೆದ್ರಾಲ್‌ನ ಬುಡ 1,030 ಮೀಟರ್ ಎತ್ತರದಲ್ಲಿದೆ, ಲಾ ಓಯಾದ ಬುಡ 1,350 ಮೀಟರ್. ಅಂತರ ಬರೀ 320 ಮೀಟರ್, ಅಂದರೆ ಎರಡು ಡಿಗ್ರಿ. ಆದರೆ ಸೊನ್ನೆಯ ಆಸುಪಾಸಿನಲ್ಲಿ ಎರಡು ಡಿಗ್ರಿ ಎಂದರೆ ಮಳೆಗೂ ಹಿಮಕ್ಕೂ ಇರುವ ದೂರ. ಕತೆದ್ರಾಲ್‌ನಲ್ಲಿ ಮೇಲೆ ಹಿಮ ಬೀಳುತ್ತಿರುವಾಗಲೇ ಕೆಳಗೆ ಟಿಕೆಟ್ ಕಿಟಕಿಯ ಮುಂದೆ ಜನ ಮಳೆಯಲ್ಲಿ ನೆನೆಯುವ ದಿನಗಳು ಬರುವುದು ಹೀಗೆ.

ಮೂರನೆಯದು ಬೆಟ್ಟದ ಮುಖ. ಎಸ್ಕೆಲ್ ಸುಮಾರು 43 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಜೂನ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರ ದಿಕ್ಕಿನಲ್ಲಿ, ದಿಗಂತದಿಂದ ಬರೀ 24 ಡಿಗ್ರಿಯಷ್ಟು ಮೇಲಿರುತ್ತಾನೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಅದಕ್ಕಿಂತ ಕಡಿದಾಗಿದ್ದರೆ ಬಿಸಿಲೇ ಮುಟ್ಟುವುದಿಲ್ಲ. ಲಾ ಓಯಾದ ಬೋಗುಣಿಯಾಕಾರದ ಇಳಿಜಾರುಗಳು ಹೀಗೆ ದಕ್ಷಿಣದತ್ತ ತೆರೆದಿವೆ. ಬಿದ್ದದ್ದು ಕಡಿಮೆಯಾದರೂ ಬಿದ್ದದ್ದು ಉಳಿಯುತ್ತದೆ. ಬೇರೆ ಕಡೆ ನೆಲ ಕಾಣತೊಡಗುವ ಸೆಪ್ಟೆಂಬರ್‌ನಲ್ಲೂ ಇಲ್ಲಿ ಹಿಮ ಹಿಡಿದು ನಿಂತಿರುತ್ತದೆ. ಯಂತ್ರದಿಂದ ಹಿಮ ತಯಾರಿಸುವ ದುಬಾರಿ ಏರ್ಪಾಡಿನ ಕೆಲಸವನ್ನು ಒಂದಿಷ್ಟು ಮಟ್ಟಿಗೆ ಬೆಟ್ಟವೇ ಮಾಡಿಕೊಡುತ್ತಿದೆ ಎನ್ನಬಹುದು.

ಅಗ್ಗದ ತಾಣಗಳೆಲ್ಲಕ್ಕೂ ಈ ಅದೃಷ್ಟವಿಲ್ಲ. ಮೆಂಡೋಸಾದಿಂದ ಚಿಲಿಗೆ ಹೋಗುವ 7ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲೇ ಇರುವ ಪೆನಿತೆಂತೆಸ್ ಒಂದು ಕಾಲಕ್ಕೆ ಕಡಿಮೆ ಖರ್ಚಿನವರ ಮೆಚ್ಚಿನ ಜಾಗವಾಗಿತ್ತು. ಸುಮಾರು 2,580 ಮೀಟರ್ ಎತ್ತರವಿದ್ದೂ ಹಿಮದ ಬರ ಅದನ್ನು ಬಿಡಲಿಲ್ಲ. ಹಲವು ಚಳಿಗಾಲ ಲಿಫ್ಟ್‌ಗಳು ತಿರುಗದೆ ನಿಂತವು. 2010ರಿಂದ ಮಧ್ಯ ಚಿಲಿಯನ್ನೂ ಪಕ್ಕದ ಆಂಡಿಸ್ ಸೀಮೆಯನ್ನೂ ಕಾಡುತ್ತಿರುವ ದೀರ್ಘ ಬರಗಾಲದ ಪಟ್ಟಿಯಲ್ಲಿಯೇ ಅದು ಬರುತ್ತದೆ. ಬೊಲಿವಿಯಾದ ಚಕಲ್ತಾಯಾದ ಗತಿ ಇನ್ನೂ ಕಷ್ಟ. 5,300 ಮೀಟರ್ ಎತ್ತರದಲ್ಲಿ, ಜಗತ್ತಿನ ಅತಿ ಎತ್ತರದ ಸ್ಕೀ ತಾಣ ಎನಿಸಿಕೊಂಡಿದ್ದ ಅದು ನಿಂತದ್ದು ಒಂದು ಪುಟ್ಟ ಹಿಮನದಿಯ ಮೇಲೆ. 2009ರ ಹೊತ್ತಿಗೆ ಆ ಹಿಮನದಿ ಪೂರ್ತಿ ಕರಗಿ ಕಲ್ಲು ಉಳಿಯಿತು. ಲಾ ಓಯಾಕ್ಕೆ ನೆರಳಿನ ಆಸರೆ ಇದೆ, ನಿಜ. ಆದರೆ ನೆತ್ತಿ 2,075 ಮೀಟರ್ ಮಾತ್ರ. ಹಿಮ ಬೀಳುವ ಗೆರೆ ಇನ್ನೂ ಮೇಲಕ್ಕೆ ಸರಿದರೆ ಸರಿದು ನಿಲ್ಲಲು ಅದಕ್ಕೆ ಹೆಚ್ಚು ಬೆಟ್ಟ ಉಳಿದಿಲ್ಲ.

ಆ ಗಿಡ್ಡತನಕ್ಕೆ ಇನ್ನೊಂದು ಮುಖವೂ ಇದೆ. ಬುಡದಿಂದ ನೆತ್ತಿಗೆ 725 ಮೀಟರ್. ಲಾಸ್ ಲೆನ್ಯಾಸ್‌ನಲ್ಲಿ ಇದು ಸುಮಾರು 1,200. ನುರಿತವರು ಎರಡು ಮೂರು ದಿನದಲ್ಲಿ ಲಾ ಓಯಾದ ಎಲ್ಲ ದಾರಿಗಳನ್ನೂ ಮುಗಿಸಿ ಬೇಸರಪಡುವ ಸಂಭವವಿದೆ. ಕಲಿಯುವವರಿಗೆ ಇದೇ ಅನುಕೂಲ. ಮೂರು ಸಾವಿರ ಮೀಟರ್ ಎತ್ತರದ ವಾಯೆ ನೆವಾದೊದಲ್ಲಿ ಮಲಗಿದವರಿಗೆ ಮೊದಲೆರಡು ರಾತ್ರಿ ತಲೆನೋವು, ನಿದ್ದೆಗೇಡು ಸಾಮಾನ್ಯ. ಎಸ್ಕೆಲ್‌ನಲ್ಲಿ ಆ ತಾಪತ್ರಯವಿಲ್ಲ.

ಬೆಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಅರ್ಜೆಂಟೀನಾ ಅಗ್ಗ ಎಂಬ ಮಾತನ್ನು ಯಾವ ವರ್ಷ ಹೇಳಿದ್ದು ಎಂದು ನೋಡಿಕೊಳ್ಳಬೇಕು. 2023ರಲ್ಲಿ ಅಲ್ಲಿನ ಹಣದುಬ್ಬರ ಶೇ 200 ದಾಟಿತ್ತು, ಅಧಿಕೃತ ದರವಲ್ಲದೆ ಡಾಲರಿಗೆ ಬೀದಿಯ ದರವೊಂದು ಬೇರೆಯೇ ಇತ್ತು. ಡಾಲರ್ ನೋಟು ಹಿಡಿದು ಹೋದ ವಿದೇಶಿಯನಿಗೆ ಎಲ್ಲವೂ ಅರ್ಧ ಬೆಲೆಗೆ ಸಿಕ್ಕಂತೆ ಕಾಣುತ್ತಿತ್ತು. 2024ರಿಂದ ಪರಿಸ್ಥಿತಿ ಬದಲಾಯಿತು: ಪೆಸೊದಲ್ಲಿ ಬೆಲೆಗಳು ಏರಿದಷ್ಟು ವೇಗವಾಗಿ ಪೆಸೊ ಇಳಿಯಲಿಲ್ಲ, ಡಾಲರ್ ಲೆಕ್ಕದಲ್ಲಿ ದೇಶವೇ ದುಬಾರಿಯಾಯಿತು. ಅರ್ಜೆಂಟೀನಾದವರೇ ಗಡಿ ದಾಟಿ ಚಿಲಿಯಲ್ಲಿ ಬಟ್ಟೆಬರೆ ಕೊಳ್ಳತೊಡಗಿದರು. ಲಾ ಓಯಾ ತನ್ನ ದೇಶದ ಇತರ ತಾಣಗಳಿಗಿಂತ ಅಗ್ಗ ಎಂಬುದು ಊರು, ಯಂತ್ರ, ಗಾತ್ರಗಳಿಂದ ಬಂದ ಗುಣ, ಅದು ಉಳಿಯುತ್ತದೆ. ಡಾಲರಿಗೆ ಅಗ್ಗ ಎಂಬುದು ಆ ವರ್ಷದ ವಿನಿಮಯ ದರಕ್ಕೆ ಬಿಟ್ಟದ್ದು.

ದೂರವೂ ಬೆಲೆಯೇ. ಬ್ಯೂನಸ್ ಐರಿಸ್‌ನಿಂದ ಎಸ್ಕೆಲ್‌ಗೆ ವಿಮಾನಗಳು ಕಡಿಮೆ, ಬಸ್ಸಾದರೆ ಒಂದು ದಿನಕ್ಕೂ ಮೀರಿದ ಪಯಣ. ಬಾರಿಲೋಚೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಎಲ್ ಬೊಲ್ಸೋನ್ ಮಾರ್ಗವಾಗಿ ಸುಮಾರು 290 ಕಿ.ಮೀ. ಬಸ್ಸಿನಲ್ಲಿ ಬರುವುದು ಹಲವರ ಉಪಾಯ. ಹೋಗಿಬರುವುದಕ್ಕೇ ಎರಡು ಅರ್ಧ ದಿನ ಕಳೆಯುವುದರಿಂದ ಮೂರು ದಿನದ ಪ್ರವಾಸಕ್ಕೆ ಇದು ಲೆಕ್ಕಕ್ಕೆ ಹೊಂದುವುದಿಲ್ಲ, ಒಂದು ವಾರಕ್ಕೆ ಹೊಂದುತ್ತದೆ. ಬೆಂಗಳೂರಿನಿಂದ ಸ್ಕೀಗಾಗಿಯೇ ಹೊರಡುವವರಿಗಂತೂ ವಿಮಾನದ ಟಿಕೆಟ್ಟಿನ ಮುಂದೆ ಪಾಸಿನಲ್ಲಿ ಉಳಿದ ಹಣ ಪುಡಿಗಾಸು. ಅವರಿಗೆ ಗುಲ್ಮಾರ್ಗ್, ಔಲಿಗಳೇ ವಾಸಿ.

ಬೇರೆ ಕಾರಣಕ್ಕೆ ಪೆಟಗೋನಿಯಾಕ್ಕೆ ಹೋಗುವವರು, ದಕ್ಷಿಣ ಅಮೆರಿಕದಲ್ಲೇ ಕೆಲಸದಲ್ಲಿರುವವರು, ಮಕ್ಕಳೊಂದಿಗೆ ಮೊದಲ ಸಲ ಕಲಿಯಹೊರಟವರು ಇವರಿಗೆ ನಾನು ಲಾ ಓಯಾವನ್ನು ಕತೆದ್ರಾಲ್‌ಗಿಂತ ಮೊದಲು ಸೂಚಿಸುತ್ತೇನೆ. ಕಡಿದಾದ ಇಳಿಜಾರು ಬೇಕೆನ್ನುವ ಪಳಗಿದವರು ಗಾಳಿಗೆ ಲಿಫ್ಟ್ ಮುಚ್ಚುವ ಅಪಾಯವನ್ನು ಒಪ್ಪಿಕೊಂಡೇ ಲಾಸ್ ಲೆನ್ಯಾಸ್‌ಗೆ ಹೋಗಲಿ. ಹೋಗುವ ಹೊತ್ತೂ ಮುಖ್ಯ. ಜುಲೈನಲ್ಲಿ ಶಾಲೆಗಳ ಚಳಿಗಾಲದ ರಜೆ ಇರುವಾಗ ದರಗಳು ನೆತ್ತಿಗೇರಿರುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ದರ ಇಳಿದಿರುತ್ತದೆ, ಹಗಲು ಉದ್ದವಾಗಿರುತ್ತದೆ, ದಕ್ಷಿಣದ ಇಳಿಜಾರಿನಲ್ಲಿ ಹಿಮ ಇನ್ನೂ ಉಳಿದಿರುತ್ತದೆ. ಕೋಣೆಯನ್ನು ಮುಂಚೆ ಕಾದಿರಿಸಿ, ವಾರದ ಪಾಸನ್ನು ಮಾತ್ರ ಮುಂಗಡ ಕೊಳ್ಳಬೇಡಿ. ಎಸ್ಕೆಲ್ ತಲುಪಿ, ಯಾವ ಲಿಫ್ಟ್‌ಗಳು ನಡೆಯುತ್ತಿವೆ ಎಂದು ವಿಚಾರಿಸಿಕೊಂಡು ಆಮೇಲೆ ಹಣ ಕಟ್ಟಿ.